ನಾಲ್ಕು ಗಂಟೆಯ ಬೋಂಡ

ಚಿಕ್ಕಮಗಳೂರಿನ ಜಡಿಮಳೆ, ಸಂಜೆ ನಾಲ್ಕು, ಲೋಟದ ತುಂಬ ಕಾಫಿ, ಪಕ್ಕದಲ್ಲಿ ಬೋಂಡ. ಇದರಲ್ಲಿ ಹಸಿವಿನ ಪಾಲು ಕಮ್ಮಿ. ಹಿಟ್ಟು ಎಣ್ಣೆಗೆ ಬಿದ್ದು ಚುರ್ ಅಂದ ಸದ್ದಿಗೇ ಮಿದುಳಲ್ಲಿ ಡೋಪಮಿನ್ ಏಳುತ್ತೆ. ಅದರ ಕೆಲಸ ರುಚಿ ಕೊಡೋದಕ್ಕಿಂತ ಹೆಚ್ಚಾಗಿ 'ಬೇಕು ಬೇಕು' ಅನ್ನಿಸೋದು.

ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಕೈ ಹಾಕೋದು ಇಲ್ಲಿಗೇ. ಅದು ಕರುಳಿನ ಜಿಎಲ್‌ಪಿ-1 ಹಾರ್ಮೋನಿನ ನಕಲು. ಹೊಟ್ಟೆ ನಿಧಾನ ಖಾಲಿಯಾಗುತ್ತೆ, ಮಿದುಳಲ್ಲಿ ಹಸಿವು ನೋಡಿಕೊಳ್ಳೋ ಹೈಪೊಥಲಾಮಸ್‌ಗೆ 'ಸಾಕು' ಅನ್ನೋ ಸುದ್ದಿ ಹೋಗುತ್ತೆ. ಇದೇ ಗುಂಪಿನ ಔಷಧಿಗಳು ಡೋಪಮಿನ್ ಸೆಳೆತವನ್ನೂ ತಗ್ಗಿಸೋದು ಇಲಿಗಳಲ್ಲಿ ಕಂಡಿದೆ. ತಗೊಂಡವರಲ್ಲಿ ಹಲವರು ಹೇಳೋದೂ ಅದನ್ನೇ: ತಲೆಯೊಳಗಿನ ತಿಂಡಿ ಗಲಾಟೆ ನಿಂತಿತು ಅಂತ.

ವಾರಕ್ಕೊಂದು ಸಲ ಚುಚ್ಚೋದು. 0.25 ಮಿಲಿಗ್ರಾಂನಿಂದ ಶುರು. ನಾಲ್ಕು ನಾಲ್ಕು ವಾರಕ್ಕೆ 0.5, 1, 1.7, ಕೊನೆಗೆ 2.4. ಅವಸರಪಟ್ಟು ಏರಿಸಿದರೆ ವಾಕರಿಕೆ ಬರೋದು ಜಾಸ್ತಿ, ಯಾಕಂದ್ರೆ ವಾಂತಿಗೆ ಸಂಬಂಧಿಸಿದ ಮಿದುಳಿನ ಭಾಗದಲ್ಲೂ ಜಿಎಲ್‌ಪಿ-1 ಬಂದು ಕೂರೋ ಗ್ರಾಹಕಗಳಿವೆ. ಊಟ ಅರ್ಧಕ್ಕಿಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ; ಅದಕ್ಕೇ ಪ್ರೋಟೀನ್‌ಗೆ ಅಂತ ತಟ್ಟೆಯಲ್ಲಿ ಮೊದಲು ಮೊಟ್ಟೆ ಅಥವಾ ಮೊಳಕೆ ಹುರುಳಿ, ಆಮೇಲೆ ಅಕ್ಕಿರೊಟ್ಟಿ.

ಸೆಮಾಗ್ಲುಟೈಡ್ ಮೇಲಿನ ಸ್ಟೆಪ್-1 ಅನ್ನೋ ಅಧ್ಯಯನದಲ್ಲಿ ಇಂಜೆಕ್ಷನ್ ನಿಲ್ಲಿಸಿ ಒಂದು ವರ್ಷಕ್ಕೆ, ಇಳಿದ ತೂಕದಲ್ಲಿ ಮೂರನೇ ಎರಡು ಪಾಲು ವಾಪಸ್ ಬಂತು. ಛಲ ಸಾಲದೆ ಅಲ್ಲ ಅನ್ಸುತ್ತೆ. ಔಷಧಿ ಸೆಳೆತವನ್ನು ತಗ್ಗಿಸುತ್ತೆ, ನಾಲ್ಕು ಗಂಟೆಯ ಅಭ್ಯಾಸವನ್ನಲ್ಲ. ಗಲಾಟೆ ನಿಂತಿರುವಾಗಲೇ ಕಾಫಿ ಲೋಟ ಅಡುಗೆಮನೆಯಿಂದ ಜಗಲಿಗೆ ಹೋಗಬೇಕು, ಜೊತೆಗೆ ಒಂದು ಹಿಡಿ ಹುರಿಗಡಲೆ.