ರೊಟ್ಟಿ ಬಡಿದಾದ ಮೇಲೆ ಅಡುಗೆಮನೆ ಸ್ವಚ್ಛ ಮಾಡೋದು

ಅಡುಗೆಮನೆ ಸ್ವಚ್ಛ ಮಾಡುವ ವಿಡಿಯೋಗಳಲ್ಲಿ ಎಲ್ಲರೂ ಮೊದಲು ಸ್ಪ್ರೇ ಹೊಡೆದು ಒರೆಸುತ್ತಾರೆ. ವಿಜಯಪುರದ ಅಡುಗೆಮನೆಯಲ್ಲಿ ಹಾಗೆ ಮಾಡಿದರೆ ಕೆಲಸ ಜಾಸ್ತಿ ಆಗುತ್ತದೆ ಅಷ್ಟೇ. ನಮ್ಮಲ್ಲಿ ರೊಟ್ಟಿ ಬಡಿದು ಮುಗಿಯುವ ಹೊತ್ತಿಗೆ ಕಟ್ಟೆ, ಒಲೆ, ಡಬ್ಬಿ ಮುಚ್ಚಳ, ನೆಲ, ಎಲ್ಲದರ ಮೇಲೂ ಜೋಳದ ಹಿಟ್ಟು. ಅದರ ಮೇಲೆ ಒದ್ದೆ ಬಟ್ಟೆ ಆಡಿಸಿದರೆ ಹಿಟ್ಟು ಹೋಗಲ್ಲ, ಕಟ್ಟೆ ತುಂಬ ಬಳಿದುಕೊಳ್ಳುತ್ತದೆ. ಒಣಗಿದ ಮೇಲೆ ಉಗುರಿನಿಂದ ಕೆರೆಯಬೇಕು.

ಅದಕ್ಕೇ ನಾನು ಒಣ ಕೆಲಸ ಮೊದಲು ಮುಗಿಸುತ್ತೇನೆ, ನೀರು ಆಮೇಲೆ.

ಹಿಟ್ಟು ನಾದಿದ ಪರಾತ ಮಾತ್ರ ಬೇರೆ. ಅದನ್ನು ಎಲ್ಲಕ್ಕಿಂತ ಮೊದಲು ನೆನೆಹಾಕಿ, ಅದೂ ತಣ್ಣೀರಲ್ಲಿ. ಜೋಳದಲ್ಲಿ ಗೋಧಿಯ ಹಾಗೆ ಜಿಗುಟು ಇಲ್ಲ, ಅದಕ್ಕೇ ಅಲ್ವಾ ನಾವು ಕುದಿಯುವ ನೀರು ಹಾಕಿ ನಾದುವುದು? ಸುಮಾರು 70 ಡಿಗ್ರಿ ದಾಟಿದರೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ. ಮೆತ್ತಿಕೊಂಡ ಹಸಿ ಹಿಟ್ಟಿನ ಮೇಲೂ ಬಿಸಿ ನೀರು ಸುರಿದರೆ ಆಗುವುದು ಅದೇ. ತಣ್ಣೀರಲ್ಲಿ ಬಿಟ್ಟರೆ ಕೈಯಿಂದಲೇ ಎದ್ದು ಬರುತ್ತದೆ.

ಅದು ನೆನೆಯುವಷ್ಟರಲ್ಲಿ ಮೇಲಿನಿಂದ ಕೆಳಗೆ ಬನ್ನಿ. ಡಬ್ಬಿಗಳನ್ನು ಒಣ ಬಟ್ಟೆಯಿಂದ ಝಾಡಿಸಿ ಜಾಗಕ್ಕೆ ಇಡಿ, ಕಟ್ಟೆಯ ಹಿಟ್ಟು ಗುಡಿಸಿ ಒಂದು ಮೂಲೆಗೆ ತನ್ನಿ. ಎಣ್ಣೆಗಾಯಿ ಮಾಡಿದ ಬುಟ್ಟಿಗೆ (ಪಾತ್ರೆಗೆ) ಆ ಹಿಟ್ಟನ್ನೇ ಒಂದು ಹಿಡಿ ಹಾಕಿ ಒರೆಸಿದರೆ ಎಣ್ಣೆಯನ್ನೆಲ್ಲ ಹೀರಿಕೊಳ್ಳುತ್ತದೆ. ಕೆಂಪಗೆ ಉಂಡೆಯಾಗಿ ಬರುವುದನ್ನು ಕಸಕ್ಕೆ ಹಾಕಿ. ಸಿಂಕಿಗೆ ಬಿಟ್ಟರೆ ಪೈಪು ಕಟ್ಟುತ್ತದೆ.

ನಮ್ಮ ವೈನಿ (ಅತ್ತಿಗೆ) ಈ ತಣ್ಣೀರಿನ ಮಾತು ಒಪ್ಪಲ್ಲ. "ಬಿಸಿ ನೀರಿಲ್ಲದ ಜಿಡ್ಡು ಹೋಗತೈತೇನು?" ಅಂತಾರೆ. ಜಿಡ್ಡಿನ ವಿಷಯದಲ್ಲಿ ಅವರ ಮಾತು ಖರೆ, ಒರೆಸಿಟ್ಟ ಬುಟ್ಟಿಗೆ ಬಿಸಿ ನೀರು ಸೋಪು ಬೇಕೇ ಬೇಕು. ಹಿಟ್ಟಿಗೆ ಮಾತ್ರ ಬೇಡ.

ತೊಳೆಯುವಾಗ ಗ್ಲಾಸು ಮೊದಲು, ಆಮೇಲೆ ತಾಟು, ಜಿಡ್ಡಿನ ಭಾಂಡೆ ಕೊನೆಗೆ. ನಳ ದಿನಾ ಬರದ ಊರಲ್ಲಿ ಒಂದೇ ಬಕೆಟ್ ನೀರು ಮೂರು ಸುತ್ತಿಗೆ ಆಗುವುದು ಹೀಗೆ ಮಾಡಿದರೆ ಮಾತ್ರ. ಬೋರಿನ ಗಡಸು ನೀರಲ್ಲಿ ಸೋಪು ನೊರೆ ಬರಲ್ಲ ಅಂತ ಇನ್ನಷ್ಟು ಸುರಿಯುತ್ತಾರೆ, ಆಮೇಲೆ ಅದನ್ನು ತೊಳೆಯೋಕೇ ಅರ್ಧ ಬಕೆಟ್ ಬೇಕು. ಮೊದಲೇ ಒರೆಸಿಟ್ಟ ಭಾಂಡೆಗೆ ಸೋಪು ಅಷ್ಟು ಹಿಡಿಯುವುದೇ ಇಲ್ಲ.

ಆ ನೀರು ನಳದ ಮೇಲೆ ಬಿಡುವ ಬಿಳಿ ಕಲೆಗೆ ಹಿಂಡಿದ ನಿಂಬೆ ಸಿಪ್ಪೆ ಸಾಕು, ಸ್ವಲ್ಪ ಹೊತ್ತು ಉಜ್ಜಿ ಬಿಟ್ಟು ತೊಳೆಯಿರಿ. ಆದರೆ ಕಟ್ಟೆ ಕಡಪಾ ಕಲ್ಲಿನದಾಗಿದ್ದರೆ ಹುಷಾರು. ಕಡಪಾ, ಶಹಾಬಾದ ಎರಡೂ ಸುಣ್ಣದ ಕಲ್ಲು, ಹುಳಿ ಬಿದ್ದಲ್ಲಿ ಹೊಳಪು ತಿಂದುಹಾಕುತ್ತದೆ, ಮತ್ತೆ ಎಷ್ಟು ಉಜ್ಜಿದರೂ ಬರಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕಿಸಿದವರಿಗೆ ಆ ಚಿಂತೆಯಿಲ್ಲ. ಬ್ಲೀಚಿಂಗ್ ಪೌಡರ್ ಹಾಕುವ ದಿನ ಮಾತ್ರ ಕಲ್ಲು ಯಾವುದೇ ಇರಲಿ, ನಿಂಬೆ, ವಿನೆಗರ್ ಹತ್ತಿರ ತರಬೇಡಿ. ಆ ಪೌಡರಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.