ಮೌಖಿಕ ಪರೀಕ್ಷೆಯಲ್ಲಿ ಎದುರಾದ ಪ್ರಶ್ನೆ

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕ್ರೈಸ್ತ ಚಿಂತಕ ಪೌಲ್ ಟಿಲಿಚ್ ಅವರ ದೇವಶಾಸ್ತ್ರದಲ್ಲಿ ಸಂಶಯಕ್ಕಿರುವ ಸ್ಥಾನವನ್ನು ಕುರಿತು ನಾನು ಬರೆದ ಪ್ರಬಂಧದ ಮೌಖಿಕ ಪರೀಕ್ಷೆ ಬೆಂಗಳೂರಿನಲ್ಲಿ ನಡೆಯಿತು. ಹಿಂದಿನ ಜರ್ಮನ್ ತತ್ವಜ್ಞಾನಿ ಶೆಲ್ಲಿಂಗ್ ಅವರಿಂದ ಟಿಲಿಚ್ ಪಡೆದದ್ದೇನು, ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ತತ್ವಜ್ಞಾನಿ ಹೈಡೆಗರ್ ಅವರ ಸಹೋದ್ಯೋಗಿಯಾಗಿದ್ದುದು ಅವರ ಚಿಂತನೆಯನ್ನು ಹೇಗೆ ತಿದ್ದಿತು ಎಂಬಂಥ ನಿರೀಕ್ಷಿತ ಪ್ರಶ್ನೆಗಳು ಮುಗಿದ ಮೇಲೆ, ಹಿರಿಯ ಪರೀಕ್ಷಕರೊಬ್ಬರು ಪ್ರಬಂಧವನ್ನು ಮುಚ್ಚಿಟ್ಟು, "ಇದನ್ನು ನಿಮ್ಮೂರಿನ ಚರ್ಚಿನ ಸಭೆಯಲ್ಲಿ ಪ್ರಸಂಗವಾಗಿ ಬೋಧಿಸಬಲ್ಲಿರಾ?" ಎಂದು ಕೇಳಿದರು.

ಟಿಲಿಚ್ ಪ್ರಾಧ್ಯಾಪಕರಾಗುವ ಮೊದಲು ಸೈನ್ಯದ ಪಾದ್ರಿಯಾಗಿದ್ದವರು ಎಂದು ನಾನು ಉತ್ತರ ಆರಂಭಿಸಿದೆ. ಮೊದಲ ಮಹಾಯುದ್ಧದಲ್ಲಿ, 1914ರಿಂದ 1918ರವರೆಗೆ, ಕಂದಕಗಳ ನಡುವೆ ಗಾಯಾಳುಗಳನ್ನು ಸಂತೈಸುತ್ತ, ಸತ್ತವರನ್ನು ಹೂಳುತ್ತ ಕಳೆದ ವರ್ಷಗಳಲ್ಲಿ, ಎಲ್ಲವನ್ನೂ ಒಳಿತಿನತ್ತ ನಡೆಸುವ ದೇವರೆಂಬ ಸುಲಭ ಕಲ್ಪನೆ ಅವರಲ್ಲಿ ಉಳಿಯಲಿಲ್ಲ. ಸಂಶಯವು ವಿಶ್ವಾಸದ ಹೊರಗಿನ ಶತ್ರುವಲ್ಲ, ಅದರ ಒಳಗಿನದೇ ಒಂದು ಅಂಶ ಎಂಬ ಅವರ ಮಾತಿನ ಹಿಂದೆ ಆ ಅನುಭವವಿದೆ.

ಆಗ ನಮ್ಮ ಸಭೆಯ ಒಬ್ಬ ತಾಯಿ ನೆನಪಾದರು. ಮಗನನ್ನು ಕಳೆದುಕೊಂಡ ಮೇಲೂ ಅವರು ಭಾನುವಾರದ ಆರಾಧನೆ ತಪ್ಪಿಸುತ್ತಿರಲಿಲ್ಲ. ಆದರೆ ಗೀತೆಯ ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಯೇ ಇಟ್ಟುಕೊಳ್ಳುತ್ತಿದ್ದರು, ಎಲ್ಲರೂ ಹಾಡಲು ಎದ್ದಾಗ ತಾವೂ ಎದ್ದು, ತುಟಿ ಬಿಚ್ಚದೆ ನಿಲ್ಲುತ್ತಿದ್ದರು. ಅವರ ವಿಶ್ವಾಸ ಕುಂದಿದೆ ಎಂದು ಸಭೆಯಲ್ಲಿ ಕೆಲವರು ಆಡಿಕೊಂಡದ್ದುಂಟು. ಅರ್ಥವೇ ಕುಸಿದ ಹೊತ್ತಿನಲ್ಲೂ ದೇವರ ಸನ್ನಿಧಿಗೆ ಬಂದು ನಿಲ್ಲುವ ಆ ಹಟವನ್ನೇ ಟಿಲಿಚ್ 1952ರ ತಮ್ಮ 'ದಿ ಕರೇಜ್ ಟು ಬಿ' ಪುಸ್ತಕದಲ್ಲಿ ಧೈರ್ಯವೆಂದು ಕರೆದದ್ದು ಎಂದು ನಾನು ಹೇಳಿದೆ.

ಪರೀಕ್ಷಕರು ಅಷ್ಟಕ್ಕೇ ಬಿಡಲಿಲ್ಲ. ಹಾಗಾದರೆ ಗಾಢವಾಗಿ ನಂಬಿದ್ದೆಲ್ಲವೂ ವಿಶ್ವಾಸವಾಗುವುದಿಲ್ಲವೇ ಎಂಬುದು ಅವರ ಮರುಪ್ರಶ್ನೆ. ನನ್ನ ದೃಷ್ಟಿಯಲ್ಲಿ ಟಿಲಿಚ್ ಅವರ ನಿಜವಾದ ಬಲವಿರುವುದು ಇಲ್ಲಿಯೇ. ಮಿತವಾದುದನ್ನು ಪರಮವೆಂದು ಪೂಜಿಸುವುದು ವಿಗ್ರಹಾರಾಧನೆ ಎಂದ ಅವರು, ಜರ್ಮನಿಯಲ್ಲಿ ರಾಷ್ಟ್ರವೇ ದೇವರಾಗುವುದನ್ನು ಕಣ್ಣಾರೆ ಕಂಡು ವಿರೋಧಿಸಿದರು. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡರು. ನಲವತ್ತೇಳನೆಯ ವಯಸ್ಸಿನಲ್ಲಿ ನ್ಯೂಯಾರ್ಕಿಗೆ ಬಂದು, ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮತ್ತೆ ಪಾಠ ಮಾಡಲು ತೊಡಗಿದರು.

ಈಗ ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಅವರ ಮೂರು ಸಂಪುಟಗಳ ವ್ಯವಸ್ಥಿತ ದೇವಶಾಸ್ತ್ರವನ್ನು ನಾನು ಮೊದಲಿಗೇ ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಅವರ ಪ್ರಸಂಗಗಳನ್ನು ಓದಿಸುತ್ತೇನೆ. ಸಭಾಪಾಲಕರಾಗಿ ಹೋಗುವವರಿಗೆ ಬೇಕಾದ ಅಸ್ತಿತ್ವವಾದದ, ಅಂದರೆ ಮನುಷ್ಯನ ಬದುಕಿನ ಆತಂಕ, ಅರ್ಥಗಳನ್ನು ಕುರಿತ ಚಿಂತನೆಯ, ಬಹುಪಾಲು ಅಲ್ಲೇ ಇದೆ.