ಸುಡೊ ಮತ್ತು ಬಚ್ಚಲೊಲೆ

ವಿಂಡೋಸ್ ಹೊತ್ತು ಏದುಸಿರು ಬಿಡುತ್ತಿದ್ದ ನನ್ನ ಹಳೆಯ ಲ್ಯಾಪ್‌ಟಾಪಿಗೆ ತಂಗಿಯ ಮಗ ಬೇಸಿಗೆಯಲ್ಲಿ ವಿಂಡೋಸ್ ಬದಲು ಉಬುಂಟು ಎಂಬ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಟ್ಟು ಬೆಂಗಳೂರಿಗೆ ಹೋಗಿದ್ದ. ಆಷಾಢದ ಒಂದು ಮಧ್ಯಾಹ್ನ ಪೆನ್‌ಡ್ರೈವಿನಲ್ಲಿದ್ದ ಯಕ್ಷಗಾನದ ವಿಡಿಯೊ ಏನು ಮಾಡಿದರೂ ತೆರೆಯಲಿಲ್ಲ. ಫೋನ್ ಮಾಡಿದೆ. ‘ವಿಎಲ್‌ಸಿ ಹಾಕಿಕೋ ಮಾವ, ಒಂದೇ ಸಾಲು’ ಎಂದು ಅವನು ಹೇಳಿದ್ದನ್ನು ಅಡಿಕೆ ಮಾರಿದ ಪಟ್ಟಿಯ ಬೆನ್ನಿಗೆ ಬರೆದುಕೊಂಡೆ: ಸುಡೊ ಆಪ್ಟ್ ಇನ್‌ಸ್ಟಾಲ್ ವಿಎಲ್‌ಸಿ. ಮೊದಲ ಪದ ನನ್ನ ಕಿವಿಗೆ ‘ಸುಡು’ ಎಂದೇ ಬಿದ್ದಿತ್ತು. ಕಾಗುಣಿತ ಬಿಡಿಸಿ ಹೇಳಿದ ಮೇಲೆ ಸರಿಯಾಯಿತು. ಸುಡೊ ಎಂದರೆ ಯಜಮಾನನ ಅಧಿಕಾರದಲ್ಲಿ ಮಾಡು ಎಂದು ಯಂತ್ರಕ್ಕೆ ಹೇಳುವುದಂತೆ.

ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿದಾಗ ಆಜ್ಞೆ ಬರೆಯುವ ಟರ್ಮಿನಲ್ಲಿನ ಕಪ್ಪು ಕಿಟಕಿ ಬಂತು. ನಾಲ್ಕೂ ಪದಗಳನ್ನು ಅಂಟಿಸಿ ಬರೆದೆ. ಅಂಥ ಕಮಾಂಡ್ ಇಲ್ಲವೆಂದಿತು. ನಡುವೆ ಜಾಗ ಬಿಟ್ಟು ಬರೆದೆ, ಪಾಸ್‌ವರ್ಡ್ ಕೇಳಿತು. ಬೆಳಿಗ್ಗೆ ಒಳಗೆ ಬರುವಾಗ ಹಾಕಿದ ಪಾಸ್‌ವರ್ಡೇ ಇದಕ್ಕೂ. ಆಗ ಒಂದೊಂದು ಅಕ್ಷರಕ್ಕೂ ಒಂದೊಂದು ಚುಕ್ಕೆ ಬಿದ್ದಿತ್ತು. ಇಲ್ಲಿ ಎಷ್ಟು ಕುಟ್ಟಿದರೂ ಏನೂ ಬೀಳಲಿಲ್ಲ, ಕರ್ಸರ್ ಇದ್ದಲ್ಲಿಂದ ಅಲುಗಲಿಲ್ಲ.

ಕೀಲಿಮಣೆಗೆ ಥಂಡಿ ಹಿಡಿದಿದೆ ಎಂದು ತೀರ್ಮಾನಿಸಿದೆ. ಶಿರಸಿ ಸೀಮೆಯ ಮಳೆಗಾಲದಲ್ಲಿ ಬೆಂಕಿಪೊಟ್ಟಣವೂ ಗೀರಿದರೆ ಹತ್ತುವುದಿಲ್ಲ. ನಿಮಿಷದ ಹಿಂದೆ ಅದೇ ಕೀಲಿಗಳಿಂದ ಇಡೀ ಸಾಲು ಬರೆದಿದ್ದೆ ಎಂಬುದು ತಲೆಗೆ ಹೊಳೆಯಲಿಲ್ಲ. ಲ್ಯಾಪ್‌ಟಾಪನ್ನು ಬಚ್ಚಲೊಲೆಯ ಹತ್ತಿರ ಒಯ್ದು, ಮಣೆಯ ಮೇಲೆ ಬೆಂಕಿಯ ಕಡೆಗೆ ಮುಖ ಮಾಡಿ ಇಟ್ಟೆ. ಹಗ್ಗಕ್ಕೆ ಅಂಗಿ ಹರವುತ್ತಿದ್ದ ಹೆಂಡತಿ ನೋಡಿದಳು. ‘ಅಡಿಕೆ ಆಯಿತು, ಬಟ್ಟೆ ಆಯಿತು, ಈಗ ಇದೂ ಒಣಗಬೇಕೇ?’

ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್. ಅವನು ನಕ್ಕು ಮುಗಿಸುವವರೆಗೆ ಕಾದೆ. ನನ್ನ ಈ ಉಬುಂಟುವಿನ ಟರ್ಮಿನಲ್ಲಿನಲ್ಲಿ ಪಾಸ್‌ವರ್ಡ್ ಕಾಣಿಸುವುದಿಲ್ಲವಂತೆ. ಚುಕ್ಕೆ ಎಣಿಸಿ ಎಷ್ಟು ಅಕ್ಷರವೆಂದು ಪಕ್ಕದವರು ತಿಳಿಯಬಾರದಂತೆ. ನನ್ನ ಪಕ್ಕದಲ್ಲಿದ್ದದ್ದು ಬೆಕ್ಕು. ‘ಕಾಣದಿದ್ದರೂ ಬರೆದು ಎಂಟರ್ ಒತ್ತು.’

ಒತ್ತಿದೆ. ತಪ್ಪು ಎಂದಿತು. ಇನ್ನೊಮ್ಮೆ, ಮತ್ತೊಮ್ಮೆ. ಮೂರು ಸಲ ತಪ್ಪಿದ್ದೇನೆಂದು ಲೆಕ್ಕ ಒಪ್ಪಿಸಿ ಸುಮ್ಮನಾಯಿತು. ಕ್ಯಾಪ್ಸ್ ಲಾಕ್ ನೋಡೆಂದ, ಅದು ಸರಿಯಿತ್ತು. ಪಠ್ಯ ಬರೆಯುವ ಕಿಟಕಿ ತೆರೆದು ಅಲ್ಲಿ ಪಾಸ್‌ವರ್ಡ್ ಬರೆದು ನೋಡೆಂದ. ನೋಡಿದರೆ ಎಂ ಒಂದು ಸಲ ಒತ್ತಿದರೆ ಎರಡು ಬೀಳುತ್ತಿತ್ತು!

ಥಂಡಿಯದೇ ಕೆಲಸ, ನಾನು ಹೇಳಲಿಲ್ಲವೇ ಎಂದೆ. ಬೆಳಿಗ್ಗೆ ಸರಿ ಇದ್ದದ್ದು ಬೆಂಕಿ ಕಾಯಿಸಿದ ಮೇಲೆ ಕೆಟ್ಟಿದೆ ಎಂದು ಅವನು. ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಕಾಣದಿದ್ದರೂ ಬ್ಯಾಕ್‌ಸ್ಪೇಸ್ ಕೆಲಸ ಮಾಡುತ್ತದೆಯಂತೆ. ಎಂ ಒತ್ತಿ, ಹೆಚ್ಚಾದ ಒಂದನ್ನು ಕತ್ತಲಲ್ಲೇ ಅಳಿಸಿ, ಉಳಿದದ್ದನ್ನು ಬರೆದೆ. ಒಪ್ಪಿತು. ಮುಂದುವರಿಯಲೇ ಎಂದು ಕೇಳಿತು, ಎಂಟರ್ ಒತ್ತಿದೆ, ಸಾಲುಗಳು ಸುರಿದವು. ಅದೇ ಜೋರಿನಲ್ಲಿ ಕನ್ನಡ ಬರೆಯಲು ಬೇಕಾದ ಐಬಸ್-ಎಂ17ಎನ್ ಕೂಡ ಹಾಕಿಕೊಂಡೆ. ಈ ಸಲ ಪಾಸ್‌ವರ್ಡ್ ಕೇಳಲೇ ಇಲ್ಲ. ಬೀಗ ಮುರಿಯಿತೇ ಎಂದು ಗಾಬರಿಯಾಯಿತು. ಒಮ್ಮೆ ಒಪ್ಪಿದರೆ ಸುಡೊ ಸುಮಾರು 15 ನಿಮಿಷ ನೆನಪಿಟ್ಟುಕೊಳ್ಳುತ್ತದಂತೆ.

ವಿಡಿಯೊ ಓಡಿತು. ಚೆಂಡೆಯ ಮೊದಲ ಪೆಟ್ಟು ಬಿದ್ದದ್ದೇ ಬಚ್ಚಲಿನಿಂದ ಕೂಗು ಬಂತು: ‘ಒಣಗಿತೇ?’